ಮೋರಿಯ ಬೆಳ್ಳಿ

ನನ್ನ ಮನೆಯಲ್ಲಿ ಹಿತ್ತಾಳೆ ಹಿತ್ತಾಳೆಯ ಬಣ್ಣದಲ್ಲೇ ಇರಬೇಕು. ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಬರುವ ಹಳದಿ ಹೊಳಪು ಸಾಕು. ಅದಕ್ಕಿಂತ ಹೆಚ್ಚು ಹೊಳೆದರೆ ನನಗೆ ಮೈ ಉರಿಯುತ್ತದೆ. ಅತ್ತೆಗೆ ಹೊಳೆಯೋದು ಕಂಡರೆ ಆಗೋದಿಲ್ಲ ಎಂದು ಸೊಸೆಯಂದಿರು ನಗುತ್ತಾರೆ. ನಗಲಿ. ಬೆಳ್ಳಿಯ ಹಾಗೆ ಹೊಳೆಯುವ ಹಿತ್ತಾಳೆ ಚೊಂಬನ್ನು ನಾನು ನೋಡಿದ್ದೇನೆ, ನನ್ನ ಕೈಯಾರೆ ಉಜ್ಜಿದ್ದೇನೆ, ಅದರಲ್ಲಿ ನೀರು ಕುಡಿದಿದ್ದೇನೆ.

ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಊರಿನಲ್ಲಿ ನಮ್ಮದು ರಾಗಿ, ಹುರುಳಿ ಬೆಳೆಯುವ ಮನೆ. ಮಾವ ಊರಿನಲ್ಲೇ ಹೊಲ ನೋಡಿಕೊಂಡಿದ್ದರು. ನಮ್ಮವರು ಬಸ್ಸು ರಿಪೇರಿ ಮಾಡುವ ಷೆಡ್ಡಿನಲ್ಲಿ ಫಿಟ್ಟರ್. ಅವರಿಗೆ ಬೇಯಿಸಿ ಹಾಕಲೆಂದು ಅತ್ತೆ ಮೊದಲೇ ಪಟ್ಟಣ ಸೇರಿದ್ದರು, ಆಮೇಲೆ ನಾನೂ ಸೇರಿಕೊಂಡೆ. ಕೆಸರೆಯ ಕಡೆ ಹೋಗುವ ರಸ್ತೆಯಲ್ಲಿ ಒಂದು ವಠಾರ. ಎದುರುಬದುರು ಹೆಂಚಿನ ಮನೆಗಳು, ನಡುವೆ ಎಲ್ಲರಿಗೂ ಸೇರಿ ಒಂದು ಬಾವಿ, ಬಾವಿಯ ಪಕ್ಕ ಪಾತ್ರೆ ತಿಕ್ಕುವ ಕಲ್ಲುಚಪ್ಪಡಿ, ಚಪ್ಪಡಿಗೆ ಅಂಟಿಕೊಂಡಂತೆ ಒಂದು ಮೋರಿ. ಮೋರಿ ಬರುತ್ತಿದ್ದದ್ದು ಹಿಂದಿನ ಗೋಡೆಯ ಆಚೆಯಿಂದ. ಗೋಡೆಯ ಆಚೆ ಜ್ವರದ ಕಡ್ಡಿಯ ಕಾರ್ಖಾನೆ ಇತ್ತು. ಥರ್ಮಾಮೀಟರಿಗೆ ನಾವೆಲ್ಲ ಹಾಗೇ ಅನ್ನುತ್ತಿದ್ದೆವು.

ಆ ಕಾರ್ಖಾನೆಯ ಯಜಮಾನರೇ ನಮ್ಮ ವಠಾರದ ಯಜಮಾನರು. ಖಾದಿ ಜುಬ್ಬ, ಬಿಳಿ ಟೋಪಿ, ಮೆತ್ತಗಿನ ಮಾತು. ಆಗಸ್ಟ್ ಹದಿನೈದರಂದು ಕಾರ್ಖಾನೆಯ ಮುಂದೆ ಬಾವುಟ ಹಾರಿಸಿ ವಠಾರದ ಮಕ್ಕಳಿಗೆಲ್ಲ ಪೆಪ್ಪರ್‌ಮಿಂಟ್ ಹಂಚುತ್ತಿದ್ದರು. "ನಮ್ಮ ಮೈ ಬಿಸಿ ನೋಡೋಕೂ ಇಷ್ಟು ದಿನ ಪರದೇಶದ ಕಡ್ಡಿ ಬೇಕಿತ್ತು. ಇನ್ನು ಬೇಡ" ಎಂದು ಪ್ರತಿ ವರ್ಷ ಅದೇ ಭಾಷಣ. ನಾವೂ ಪ್ರತಿ ವರ್ಷ ಚಪ್ಪಾಳೆ ಹೊಡೆದೆವು. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯಿತ್ತು. ನಮ್ಮ ಗೋಡೆಯಾಚೆ ತಯಾರಾದ ಕಡ್ಡಿ ಯಾವುದೋ ಊರಿನ ಆಸ್ಪತ್ರೆಯಲ್ಲಿ ಯಾರದೋ ನಾಲಿಗೆಯ ಕೆಳಗೆ ಕೂರುತ್ತದೆ ಎಂದು ನೆನೆಸಿಕೊಂಡರೇ ಖುಷಿಯಾಗುತ್ತಿತ್ತು.

ನಮ್ಮ ಅತ್ತೆಯ ಬಗ್ಗೆ ಹೇಳಬೇಕು. ಗಟ್ಟಿಗಿತ್ತಿ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಇಡಲು ಕೂತರೆ ಬೆರಳು ನೆಲದಿಂದ ಒಂದು ಗೇಣು ಮೇಲೆ, ಪುಡಿ ಎಳೆಎಳೆಯಾಗಿ ಇಳಿದು, ಎಷ್ಟು ದೊಡ್ಡ ಬಳ್ಳಿಯಾದರೂ ಎಲ್ಲೂ ಕಡಿಯದೆ ಮೊದಲಿಟ್ಟ ಚುಕ್ಕಿಗೇ ಬಂದು ಸೇರುತ್ತಿತ್ತು. ಪಾತ್ರೆಯ ವಿಷಯದಲ್ಲಂತೂ ಅವರಿಗೆ ಒಂದು ಥರಾ ಹುಚ್ಚು. ನಾನು ತಿಕ್ಕಿಟ್ಟ ಬಿಂದಿಗೆಯನ್ನು ಬಿಸಿಲಿಗೆ ಹಿಡಿದು ನೋಡಿ, ಮಾತಾಡದೆ ಮತ್ತೆ ಚಪ್ಪಡಿಯ ಮೇಲೆ ಕುಕ್ಕುತ್ತಿದ್ದರು. ಆ ಕುಕ್ಕುವ ಸದ್ದಿಗೆ ನನಗೆ ಮೊದಲ ವರ್ಷವೆಲ್ಲ ಅಳು ಬರುತ್ತಿತ್ತು. ಎರಡನೆಯ ವರ್ಷ ನಾನೂ ತಿರುಗಿ ಕುಕ್ಕಲು ಕಲಿತೆ. ಅಲ್ಲಿಂದ ನಮ್ಮಿಬ್ಬರಿಗೆ ಸರಿಹೋಯಿತು.

ಮೋರಿಯ ಮಣ್ಣಿನ ಮಹಿಮೆ ಕಂಡುಹಿಡಿದದ್ದು ಅವರೇ. ಒಂದು ದಿನ ಬೂದಿ ಮುಗಿದಿತ್ತು. ಮೋರಿಯ ಅಂಚಿನ ಬೂದುಬಣ್ಣದ ನುಣ್ಣನೆ ಕೆಸರನ್ನೇ ತೆಂಗಿನ ನಾರಿಗೆ ಹಚ್ಚಿಕೊಂಡು ಚೊಂಬು ಉಜ್ಜಿದರು. ತೊಳೆದು ನೋಡಿದರೆ ಚೊಂಬು ಬೆಳ್ಳಿ. ನಿಜವಾದ ಬೆಳ್ಳಿಯೂ ಅಷ್ಟು ಹೊಳೆಯುವುದಿಲ್ಲ, ಮುಖ ಕಾಣುತ್ತಿತ್ತು. "ಕಡ್ಡಿಗೆ ಹೊಳಪು ಕೊಡೋ ನೀರು ಕಣಮ್ಮ, ನಮ್ ಚೊಂಬಿಗೂ ಕೊಡ್ತದೆ" ಅಂದರು. ಮರುದಿನದಿಂದ ವಠಾರದ ಹೆಂಗಸರೆಲ್ಲ ಬೂದಿ ಬಿಟ್ಟು ಆ ಮಣ್ಣು ಹಿಡಿದರು. ದೀಪದ ಕಂಬ, ಆರತಿ ತಟ್ಟೆ, ಕುಡಿಯುವ ಲೋಟ, ಎಲ್ಲವೂ ಬೆಳ್ಳಿ. ನಂಜನಗೂಡಿನಿಂದ ಬಂದ ನೆಂಟರು ಎಲೆಯಲ್ಲಿ ಮಣ್ಣು ಗಂಟು ಕಟ್ಟಿಕೊಂಡು ಹೋದರು. ವಾರದೊಳಗೆ ಹೊಳಪು ಮಂಕಾಗುತ್ತಿತ್ತು, ಮತ್ತೆ ಉಜ್ಜುತ್ತಿದ್ದೆವು. ಮೋರಿಯಲ್ಲಿ ಆಗಾಗ ಸಿಗುತ್ತಿದ್ದ ಪಾದರಸದ ಮಣಿಗಳನ್ನು ಮಕ್ಕಳು ಅಂಗೈಯಲ್ಲಿ ಓಡಾಡಿಸಿ ಆಡುತ್ತಿದ್ದವು. ಯಾರೂ ಬೇಡ ಅನ್ನಲಿಲ್ಲ.

ಮೊದಲು ಗಾಬರಿಯಾದದ್ದು ಮೂಲೆಮನೆಯವಳಿಗೆ. ಅವಳ ಗಂಡ ಲಾರಿಯಲ್ಲಿ ಕ್ಲೀನರಾಗಿ ಊರೂರು ತಿರುಗುತ್ತಿದ್ದ. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ನೋಡಿಕೊಂಡರೆ ತಾಳಿಯ ಚಿನ್ನ ಬೆಳ್ಳಗೆ ಬಿಳಿಚಿಕೊಂಡಿದೆ. ಬಚ್ಚಲಿಂದ ಅಳುತ್ತಾ ಓಡಿಬಂದಳು. ಗಂಡನಿಗೆ ದಾರಿಯಲ್ಲಿ ಏನೋ ಆಗಿದೆ ಎಂದೇ ಅವಳ ಲೆಕ್ಕ. ಹೆಂಗಸರು ಬೆಟ್ಟದ ಕಡೆ ತಿರುಗಿ ಕೈಮುಗಿದರು, ಹರಕೆ ಹೊತ್ತರು. ಗಂಡ ಸಂಜೆ ಬೀಡಿ ಸೇದುತ್ತಾ ಬಂದ. ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಆದರೆ ಮರುವಾರ ಇನ್ನಿಬ್ಬರ ತಾಳಿ ಬಿಳಿಚಿತು, ಆಮೇಲೆ ನನ್ನದೂ. ಬಗ್ಗಿ ಪಾತ್ರೆ ತಿಕ್ಕುವಾಗ ತಾಳಿ ಜೋತು ಆ ಮಣ್ಣಿಗೆ ತಾಗುತ್ತಿತ್ತು, ಅಷ್ಟೇ. ಆ ಅಷ್ಟೇ ಎನ್ನುವುದು ನಮಗೆ ಆಗ ಹೊಳೆಯಲಿಲ್ಲ.

ಅತ್ತೆ ಶಕುನಕ್ಕೆ ಹೆದರುವವರಲ್ಲ. "ಚಿನ್ನ ಏನೋ ಕುಡ್ಕೊಂಡದೆ. ಕಾಸಿದ್ರೆ ಕಕ್ತದೆ, ಬುಡು" ಅಂದರು. ತಾಳಿ ಬಿಚ್ಚುವ ಮೊದಲು ಕೊರಳಿಗೆ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿಸಿದರು. ಕೊರಳು ಬರಿದಾಗಿರಬಾರದಲ್ಲ. ಆಮೇಲೆ ತಾಳಿಯನ್ನು ಕಬ್ಬಿಣದ ಸೌಟಿಗೆ ಹಾಕಿ, ಒಲೆಯ ಕೆಂಡದ ಮೇಲಿಟ್ಟು, ಊದುಗೊಳವೆಯಲ್ಲಿ ಊದಿದರು. ಬಿಳುಪು ಮಾಯವಾಗಿ ಹಳದಿ ತಿರುಗಿ ಬಂತು. ಅಲ್ಲಿಂದ ಅವರ ಒಲೆಯ ಮುಂದೆ ವಠಾರದ ತಾಳಿಗಳ ಸಾಲು. ಗೌರಿಹಬ್ಬದ ಹಿಂದಿನ ವಾರವಂತೂ ಬೆಳಿಗ್ಗೆ ಕೂತವರು ಮಧ್ಯಾಹ್ನದವರೆಗೂ ಏಳಲಿಲ್ಲ. ಕಿಟಕಿಯಿಲ್ಲದ ಅಡಿಗೆಮನೆ, ಸೌಟಿನ ಮೇಲೆ ಬಗ್ಗಿದ ಮುಖ, ಊದಿದ ಹಾಗೆಲ್ಲ ಒಳಕ್ಕೆಳೆದುಕೊಂಡ ಉಸಿರು. ನಾನು ಆಗ ಬಸುರಿ. ನೋಡಲು ಹೋದರೆ ಗದರುತ್ತಿದ್ದರು: "ಬಸುರಿ ಹೆಂಗ್ಸು ಹೊಗೆಗೆ ಕೂರಬಾರ್ದು. ಆಚೆಗೋಗು." ಆ ಗದರಿಕೆಯಿಂದಲೇ ನಾನೂ ನನ್ನ ಮಗುವೂ ನೆಟ್ಟಗಿದ್ದೇವೆ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಮೊದಲು ಕೆಟ್ಟದ್ದು ರಂಗೋಲಿ. ಬಳ್ಳಿ ಅಲ್ಲಲ್ಲಿ ಕಡಿಯತೊಡಗಿತು, ಗೆರೆ ನಡುಗಿದಂತೆ ಕಾಣುತ್ತಿತ್ತು. "ಪುಡಿ ಸರಿಯಿಲ್ಲ" ಅಂದರು. ಆಮೇಲೆ "ನೀನೇ ಹಾಕು, ಕಲ್ತ್ಕೋ" ಅಂದರು. ಸಾರಿಗೆ ಉಪ್ಪು ಹಾಕುವಾಗ ಅರ್ಧ ಒಲೆಗೆ ಬೀಳುತ್ತಿತ್ತು. ಒಸಡು ಊದಿ ರಕ್ತ ಬರುತ್ತಿತ್ತು, ಬಾಯಲ್ಲಿ ಕಬ್ಬಿಣ ಇಟ್ಟುಕೊಂಡ ಹಾಗೆ ಎನ್ನುತ್ತಿದ್ದರು. ಯಾರಾದರೂ ನೋಡುತ್ತಿದ್ದರೆ ಕೈ ಇನ್ನೂ ಹೆಚ್ಚು ನಡುಗುತ್ತಿತ್ತು, ಹಾಗಾಗಿ ಸೆರಗಿನೊಳಗೆ ಬಚ್ಚಿಡುತ್ತಿದ್ದರು. ವಠಾರದವರು ವಯಸ್ಸು ಅಂದರು, ದೃಷ್ಟಿ ಅಂದರು. ಅವರಿಗೆ ಐವತ್ತೂ ಆಗಿರಲಿಲ್ಲ.

ನನ್ನ ತಾಯಿ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರು. ಹಾಗಾಗಿ ಮೊದಲ ಹೆರಿಗೆಗೆ ತವರಿಗೆ ಹೋಗುವ ಮಾತಿರಲಿಲ್ಲ, ಬಾಣಂತನ ಅತ್ತೆಯದೇ. ಹೆಣ್ಣುಮಗು ಹುಟ್ಟಿತು. ಮಗುವಿಗೆ ನೀರು ಹಾಕುವುದಕ್ಕೆ ಅವರು ಎಷ್ಟು ತಿಂಗಳಿಂದ ಕಾದಿದ್ದರೋ. ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಅಂಗಾತ ಹಾಕಿಕೊಂಡು, ಎಣ್ಣೆ ತಿಕ್ಕಿ, ನೀರು ಹೊಯ್ಯುವಾಗ ಕೈ ಅಲುಗಿತು. ಬಿಸಿನೀರು ಮಗುವಿನ ಮುಖಕ್ಕೆ ಬಿತ್ತು, ಮಗು ಉಸಿರು ಕಟ್ಟಿಕೊಂಡಿತು, ಎಣ್ಣೆಯ ಮೈ ಜಾರಿತು. ಬಾಗಿಲಲ್ಲಿ ನಿಂತಿದ್ದ ನಾನು ಬಗ್ಗಿ ಹಿಡಿದೆ. ಮಗುವಿಗೆ ಏನೂ ಆಗಲಿಲ್ಲ. ಅತ್ತೆ ಖಾಲಿ ಕಾಲುಗಳನ್ನೇ ನೋಡುತ್ತಾ ಕೂತಿದ್ದರು. "ಇನ್ ಈ ಕೈಲಿ ಮಗೀಗೆ ನೀರು ಉಯ್ಯಲ್ಲ" ಎಂದು ಎದ್ದುಹೋದರು. ಅವರು ಅತ್ತದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ.

ಆ ವಾರವೇ ನನಗೆ ಬಾಣಂತಿ ಜ್ವರ ಬಂತು. ಟಾಂಗಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಲೇಡಿ ಡಾಕ್ಟರು ನನ್ನ ಬಾಯಿಗೆ ಕಡ್ಡಿ ಇಟ್ಟಾಗ ಅತ್ತೆ ಹೆಮ್ಮೆಯಿಂದ, "ಇದು ನಮ್ ವಠಾರದ ಹಿಂದ್ಗಡೇನೇ ಮಾಡೋದು ಕಣ್ರೀ" ಅಂದರು. ಡಾಕ್ಟರು ಅವರ ಕೈ ನೋಡಿದರು. ಸೆರಗಿನಿಂದ ಈಚೆ ತೆಗೆಸಿ, ಕಾಗದ ಪೆನ್ಸಿಲ್ ಕೊಟ್ಟು ಒಂದು ಗೆರೆ ಎಳೆಯಲು ಹೇಳಿದರು. ಅತ್ತೆ ಎಳೆದ ಗೆರೆ ಕಾಗದದ ತುಂಬ ನಡುಗಿತು. ಒಸಡು ನೋಡಿದರು, ಒಂದೊಂದಾಗಿ ಎಲ್ಲ ಕೇಳಿದರು: ಮೋರಿ, ಮಣ್ಣು, ಚೊಂಬು, ತಾಳಿ, ಸೌಟು. ಕಡೆಗೆ, "ಕಾಸಿದಾಗ ಚಿನ್ನದ ಮೇಲಿನ ಬಿಳುಪು ಹೋಯಿತಲ್ಲ, ಎಲ್ಲಿಗೆ ಹೋಯಿತು ಅಂದುಕೊಂಡಿರಿ?" ಎಂದು ಕೇಳಿದರು. ಅದು ಪಾದರಸ, ಉಸಿರಿನ ಜೊತೆ ಮೈಯೊಳಗೆ ಹೋಗಿ ನರಕ್ಕೆ ಹಿಡಿದಿದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮಣ್ಣು ಮುಟ್ಟಬೇಡಿ, ಕಾಸಬೇಡಿ, ಮೋರಿ ಬಾವಿಗೆ ಅಷ್ಟು ಹತ್ತಿರ ಇದ್ದರೆ ಆ ನೀರೂ ಬೇಡ. ಕೈ ಸರಿಹೋಗುತ್ತದೆಯೇ ಎಂದು ನಾನು ಕೇಳಿದೆ. "ಸ್ವಲ್ಪ ಸುಧಾರಿಸಬಹುದು. ಪೂರ್ತಿ ಅಂತ ನಾನು ಮಾತು ಕೊಡಲಾರೆ" ಅಂದರು.

ಜ್ವರ ಇಳಿದ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಮಗುವನ್ನು ಎತ್ತಿಕೊಂಡು ಯಜಮಾನರ ಮುಂದೆ ನಿಂತೆ. ಬಾಣಂತಿ ಹೊಸಿಲು ದಾಟಿದ್ದು ನೋಡಿ ವಠಾರ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಯಜಮಾನರು ಪೂರ್ತಿ ಕೇಳಿಸಿಕೊಂಡರು. "ಮೋರಿ ಮಣ್ಣು ತಗೊಂಡು ಉಜ್ಜಿ ಅಂತ ನಾನು ಹೇಳಿದ್ನೇನಮ್ಮ? ಮೋರಿ ಇರೋದೇ ಕೊಳೆನೀರು ಹೋಗೋಕೆ" ಅಂದರು. ಅವರು ಹೇಳಿರಲಿಲ್ಲ, ಅದು ನಿಜ. ಆ ನೀರಿನಲ್ಲಿ ಏನಿದೆ ಎನ್ನುವುದನ್ನೂ ಹೇಳಿರಲಿಲ್ಲ. ನಾನು ಅದನ್ನು ಅಂದೆ. ಅವರ ಮೆತ್ತಗಿನ ಮಾತು ಇನ್ನೂ ಮೆತ್ತಗಾಯಿತು. ದೇಶ ಕಟ್ಟುವ ಕೆಲಸ, ನಾಲ್ಕು ಜನಕ್ಕೆ ಅನ್ನ, ಇಂಥ ಸಣ್ಣಪುಟ್ಟದ್ದಕ್ಕೆ ಅಡ್ಡಿ ಮಾಡಬಾರದು, ಮನೆ ಹಿಡಿಸದಿದ್ದರೆ ಖಾಲಿ ಮಾಡಬಹುದು. ಸಂಜೆ ನಮ್ಮವರು ತಲೆ ಮೇಲೆ ಕೈಹೊತ್ತು ಕೂತರು. "ಸುಮ್ನಿರು ಮಾರಾಯ್ತಿ. ಮಗು ಕಟ್ಕೊಂಡು ಎಲ್ಲಿಗೋಗೋಣ?" ಅವರ ಮೇಲೆ ನನಗೆ ಕೋಪ ಬರಲಿಲ್ಲ. ಆದರೆ ಸುಮ್ಮನಿರುವುದು ನನ್ನಿಂದಾಗುವ ಕೆಲಸವಲ್ಲ. ಮಗುವಿಗೆ ನೀರು ಹಾಕಬೇಕಾದ ಕೈಯನ್ನು ತಿಂದುಹಾಕಿ ಸಣ್ಣಪುಟ್ಟದ್ದು ಎಂದರೆ ನಾನು ಹೇಗೆ ಸುಮ್ಮನಿರಲಿ?

ಗಂಗೆಪೂಜೆಯ ದಿನ ಬಂತು. ನಮ್ಮಲ್ಲಿ ಬಾಣಂತನ ಮುಗಿಯುವುದು ಅದರಿಂದಲೇ. ತಾಯಿಯಾದವಳು ಬಾವಿಕಟ್ಟೆಗೆ ಅರಿಶಿನ ಕುಂಕುಮ ಇಟ್ಟು, ಹೂವು ಏರಿಸಿ, ಮೊದಲ ಬಿಂದಿಗೆ ಸೇದಿ ಒಳಗೆ ತರಬೇಕು. ಅದಾಗದೆ ಅವಳು ನೀರು ಸೇದುವಂತಿಲ್ಲ, ಅಡಿಗೆಮನೆಗೆ ಬರುವಂತಿಲ್ಲ. ಅತ್ತೆ ನಡುಗುವ ಕೈಯಲ್ಲೇ ತಟ್ಟೆ ಜೋಡಿಸಿದ್ದರು. ಮುತ್ತೈದೆಯರು ಸೇರಿದ್ದರು. ನಾನು ಬಾವಿಯ ಹತ್ತಿರ ಹೋಗಿ ನಿಂತು, "ನಾನು ಈ ಬಾವಿಗೆ ಪೂಜೆ ಮಾಡಲ್ಲ" ಅಂದೆ.

ಗುಸುಗುಸು ಎದ್ದಿತು. ಒಬ್ಬಳು ಗಂಗಮ್ಮ ಮುನಿಯುತ್ತಾಳೆ ಅಂದಳು. "ಗಂಗಮ್ಮನಿಗೆ ವಿಷ ಹಾಕಿದವರ ಮೇಲೆ ಮುನೀಲಿ" ಅಂದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. "ಪೂಜೆ ಮಾಡು. ಆಮ್ಯಾಕೆ ಮಾತಾಡು" ಅಂದರು. "ಅತ್ತೆ, ನಿಮ್ಮ ಕೈ ತಿಂದ ನೀರಿಗೆ ನಾನು ಕುಂಕುಮ ಇಡಲ್ಲ. ಮೋರಿ ನಿಲ್ಲೋ ತನಕ ನಾನು ಬಾಣಂತಿಯೇ." ಅವರು ಬಾವಿಯನ್ನೊಮ್ಮೆ, ಮೋರಿಯನ್ನೊಮ್ಮೆ ನೋಡಿದರು. ಆಮೇಲೆ ತಟ್ಟೆ ಎತ್ತಿಕೊಂಡು, "ಸರಿ ಬುಡು" ಎಂದು ಒಳಗೆ ಹೋದರು. ಹೋಗುವಾಗ ಕುಂಕುಮ ನೆಲದ ಮೇಲೆ ಚೆಲ್ಲುತ್ತಾ ಹೋಯಿತು.

ಅಂದಿನಿಂದ ನಾನು ಒಲೆ ಮುಟ್ಟಲಿಲ್ಲ. ನಮ್ಮವರೇ ದೂರದ ಕೊಳಾಯಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು, ಬೇಯಿಸಿ, ಕೆಲಸಕ್ಕೆ ಹೋಗುತ್ತಿದ್ದರು. ಅವರನ್ನು ನೋಡಿ ಬೀದಿಯ ಗಂಡಸರು ನಗುತ್ತಿದ್ದರು. ಅವರು ನಗೆಗೀಡಾದರೂ ಬಿಂದಿಗೆ ಕೆಳಗಿಡಲಿಲ್ಲ, ಅದನ್ನು ನಾನು ಮರೆತಿಲ್ಲ. ಅಷ್ಟರಲ್ಲಿ, ಡಾಕ್ಟರ ಮಾತು ಕೇಳಿಯೂ ಮಣ್ಣು ಬಿಡದಿದ್ದ ಹೆಂಗಸರ ತಾಳಿಗಳು ಮತ್ತೆ ಬಿಳಿಚಿದವು. ಒಬ್ಬೊಬ್ಬರಾಗಿ ಅತ್ತೆಯ ಹತ್ತಿರ ಬಂದರು. ಅತ್ತೆ ಯಾರಿಗೂ ಕಾಸಿಕೊಡಲಿಲ್ಲ. "ಕಾಸಲ್ಲ. ಅಂಗೇ ಇರ್ಲಿ. ತೋರ್ಸೋಕೆ ಬೇಕು." ಯಾರಿಗೆ ಎಂದು ಮೂಲೆಮನೆಯವಳು ಕೇಳಿದಳು. "ಊರಿನ ನೀರು ನೋಡ್ಕೊಳೋಕೆ ಒಬ್ಬ ಆಫೀಸರು ಅವ್ನಂತಲ್ಲ, ಅವ್ನಿಗೆ" ಅಂದರು ಅತ್ತೆ.

ಒಂದು ಬೆಳಿಗ್ಗೆ ಹೊರಟೆವು. ಎಲ್ಲರ ಕೊರಳಲ್ಲೂ ಅರಿಶಿನದ ಕೊಂಬು, ಸೆರಗಿನ ಗಂಟಿನಲ್ಲಿ ಬಿಳಿಚಿದ ತಾಳಿ. ಅತ್ತೆ ಆಗಷ್ಟೇ ಕಡೆಯ ಸಲ ಮೋರಿಯ ಮಣ್ಣಿನಲ್ಲಿ ಚೊಂಬು ಉಜ್ಜಿ, ತೊಳೆಯದೆ, ಹಾಗೆಯೇ ಹಿಡಿದುಕೊಂಡಿದ್ದರು. ದೊಡ್ಡ ಗಡಿಯಾರದ ಹತ್ತಿರ ಜನ ನಿಂತು ನೋಡಿದರು. ನೋಡಲಿ ಎಂದೇ ನಾವು ಬೀದಿಯ ನಡುವೆ ನಡೆದದ್ದು. ಕಚೇರಿಯ ಜವಾನ ತಡೆದ. ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿದರು.

ಆಫೀಸರು ಒಳ್ಳೆಯವರೇ. ಕೂರಲು ಹೇಳಿದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಎಲ್ಲ ಹೇಳಿದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಮೇಜಿನ ಮೇಲೆ ತಾಳಿ ಇಟ್ಟರು, ಅತ್ತೆ ಪಕ್ಕದಲ್ಲಿ ಚೊಂಬು ಇಟ್ಟರು. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿಯಮ್ಮ, ಸೊಳ್ಳೆಗೆ ನಿಯಮ ಇದೆ, ಕಕ್ಕಸಿನ ನೀರಿಗೆ ನಿಯಮ ಇದೆ. ನೀವು ಹೇಳೋದಕ್ಕೆ ನಮ್ಮಲ್ಲಿ ಯಾವ ನಿಯಮವೂ ಇಲ್ಲ. ನಿಯಮ ಇಲ್ಲದೆ ನಾನು ಯಾರನ್ನೂ ಏನೂ ಅನ್ನೋ ಹಾಗಿಲ್ಲ."

"ಇಲ್ಲದಿದ್ರೆ ಬರೀರಿ" ಅಂದೆ.

ಅವರು ನಕ್ಕರು. ಅದು ಹಾಗೆ ಆಗುವುದಲ್ಲ ಎನ್ನುತ್ತಾ, ಫೈಲಿಗೆ ಜಾಗ ಮಾಡಲು ಅತ್ತೆಯ ಚೊಂಬನ್ನು ಕೈಯಿಂದ ಪಕ್ಕಕ್ಕೆ ತಳ್ಳಿದರು. ಬೆರಳಿನಲ್ಲಿ ಚಿನ್ನದ ಉಂಗುರವಿತ್ತು. ಮಾತಾಡುತ್ತಾ ಕೈ ಒರೆಸಿಕೊಂಡರು, ನೋಡಿದರು, ಮತ್ತೆ ಒರೆಸಿದರು. ಉಂಗುರದ ಒಂದು ಮಗ್ಗುಲು ಬೆಳ್ಳಗಾಗಿತ್ತು. ಕರ್ಚೀಫಿನಿಂದ ತಿಕ್ಕಿದರು.

"ಉಜ್ಜಿದ್ರೆ ಹೋಗಲ್ಲ ಸ್ವಾಮಿ" ಅಂದರು ಅತ್ತೆ. "ಕಾಸ್ಬೇಕು. ನಾನು ಕಾಸ್ಕೊಡಲ್ಲ."

ಮರುದಿನ ಅವರು ನಮ್ಮ ವಠಾರಕ್ಕೆ ಬಂದರು. ಗೋಡೆಯ ಎರಡೂ ಕಡೆ ನೋಡಿದರು, ಬಾವಿಕಟ್ಟೆಯ ಬಿರುಕಿನಲ್ಲಿ ಬಿದಿರುಕಡ್ಡಿ ಇಳಿಸಿ ನೋಡಿದರು, ಲೇಡಿ ಡಾಕ್ಟರನ್ನೂ ಕಂಡು ಬಂದರು. ಆಮೇಲೆ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನಾನು ವಾರಕ್ಕೊಮ್ಮೆ ಮಗು ಎತ್ತಿಕೊಂಡು ಆ ಕಚೇರಿಯ ಬೆಂಚಿನ ಮೇಲೆ ಕೂತು ಬರುತ್ತಿದ್ದೆ. ಜವಾನ ಮಗುವಿಗೆ ನಡೆಯಲು ಕಲಿಸಿದ. ಮನೆ ಖಾಲಿ ಮಾಡಿ ಎಂದು ಯಜಮಾನರು ಹೇಳಿ ಕಳಿಸಿದರು. ಎಲ್ಲರೂ ಒಟ್ಟಿಗೆ ಖಾಲಿ ಮಾಡುತ್ತೇವೆ, ಬೀದಿಯಲ್ಲಿ ಕೂತು ಯಾಕೆ ಎಂದು ಹೇಳುತ್ತೇವೆ ಎಂದು ನಾವು ಹೇಳಿ ಕಳಿಸಿದೆವು. ಮತ್ತೆ ಆ ಮಾತು ಬರಲಿಲ್ಲ.

ಕಡೆಗೂ ನಿಯಮ ಬಂತು. ಪಾದರಸ ತೊಳೆದ ನೀರನ್ನು ಮೋರಿಗೆ ಬಿಡಕೂಡದು, ಸಿಮೆಂಟಿನ ತೊಟ್ಟಿಯಲ್ಲಿ ನಿಲ್ಲಿಸಬೇಕು, ವರ್ಷಕ್ಕೊಮ್ಮೆ ತೊಟ್ಟಿ ನೋಡಿ ಸರಿಯಿದ್ದರೆ ಮಾತ್ರ ಲೈಸೆನ್ಸು. ತೊಟ್ಟಿಯ ತಳದಲ್ಲಿ ಸೇರಿದ ಪಾದರಸವನ್ನು ಯಜಮಾನರು ಮತ್ತೆ ಕಡ್ಡಿಗೆ ಬಳಸಿಕೊಂಡರಂತೆ. ಮೊದಲೇ ಮಾಡಬಹುದಿತ್ತು. ಬಾವಿಗೆ ಚಪ್ಪಡಿ ಮುಚ್ಚಿದರು, ವಠಾರದ ಬಾಗಿಲಿಗೆ ನಲ್ಲಿ ಹಾಕಿದರು. ನಾನು ಆ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು ಗಂಗೆಪೂಜೆ ಮಾಡಿದೆ. ನನ್ನ ಮಗಳು ಪಕ್ಕದಲ್ಲಿ ನಿಂತು ಹೂವು ಕೀಳುತ್ತಿದ್ದಳು. ನಲ್ಲಿಗೂ ಪೂಜೆಯೇ ಎಂದು ಬೀದಿಯಲ್ಲಿ ಹೋಗುವವರು ನಕ್ಕರು. ಆ ನಲ್ಲಿಗಾಗಿ ನಾನು ಒಂದೂವರೆ ವರ್ಷ ಬಾಣಂತಿಯಾಗಿದ್ದೆ. ಎಷ್ಟು ಬೇಕಾದರೂ ನಗಲಿ ಎಂದುಕೊಂಡೆ.

ಮೊದಲ ವರ್ಷದ ತಪಾಸಣೆಗೆ ಅದೇ ಆಫೀಸರು ಬಂದರು. ತೊಟ್ಟಿ ನೋಡಿ ಮುಗಿಸಿ ನಮ್ಮ ಜಗುಲಿಯ ಮೇಲೆ ಕೂತು, "ಎಲ್ಲ ಸರಿಯಾಗಿದೆಯಮ್ಮ. ಇನ್ನು ತೊಂದರೆ ಏನೂ ಇಲ್ಲ ಅಂತ ಬರೆದಿದ್ದೀನಿ" ಅಂದರು. ಒಳಗಿನಿಂದ ಅತ್ತೆ ಕಾಫಿ ತಂದರು. ನಾನು ಎದ್ದು ಲೋಟ ತೆಗೆದುಕೊಳ್ಳಲು ಹೋದೆ. ಕಣ್ಣಲ್ಲೇ ನನ್ನನ್ನು ಕೂರಿಸಿದರು. ಹಿತ್ತಾಳೆಯ ಲೋಟ, ಹುಣಿಸೆಹಣ್ಣಿನಲ್ಲಿ ತಿಕ್ಕಿದ್ದು, ಹಳದಿಯಾಗಿ ಹೊಳೆಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಂದರು. ಹೆಜ್ಜೆಗೊಮ್ಮೆ ಕಾಫಿ ಬೆರಳ ಮೇಲೆ ಚೆಲ್ಲಿತು, ಸೀರೆಯ ಮೇಲೆ ಚೆಲ್ಲಿತು, ನೆಲದ ಮೇಲೆ ಚೆಲ್ಲಿತು. ಆಫೀಸರು ಅರ್ಧ ಎದ್ದು ಕೈ ಚಾಚಿದರು. ಅತ್ತೆ ಕೊಡಲಿಲ್ಲ. ಅವರ ಹತ್ತಿರಕ್ಕೇ ನಡೆದುಬಂದು, ಉಳಿದ ಅರ್ಧ ಲೋಟವನ್ನು ಅವರ ಕೈಗಿಟ್ಟು, ತಮ್ಮ ಕೈಗಳನ್ನು ಸೆರಗಿನಲ್ಲಿ ಬಚ್ಚಿಡದೆ ಅವರ ಮುಂದೆಯೇ ಚಾಚಿ ಹಿಡಿದು ನಿಂತರು.

"ಇದ್ನೂ ಬರ್ಕೊಳಿ ಸ್ವಾಮಿ" ಅಂದರು.

ಅವರು ಲೋಟವನ್ನು ಕೆಳಗಿಟ್ಟು ಪೆನ್ನಿನ ಮುಚ್ಚಳ ಬಿಚ್ಚಿದರು.